ಪಾಲಿಲೈಸಿನ್‌ಗೆ ಎಂಟು ಜನ ಬೇಕಾಗಿದ್ದಾರೆ

ಭಾನುವಾರ ಬೆಳಿಗ್ಗೆ ಹೆಡ್‌ಮಿಸ್ಸು ಬ್ರೆಡ್ಡು ತಿಂದದ್ದೇ ಕೆಮಿಸ್ಟ್ರಿ ಮೇಷ್ಟ್ರ ಪಾಲಿಗೆ ಮುಳುವಾಯಿತು.

ತಿನ್ನುವವರು ಸುಮ್ಮನೆ ತಿನ್ನಬಾರದೆ? ಪೊಟ್ಟಣದ ಹಿಂಭಾಗದಲ್ಲಿ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಏನೇನು ಬೆರೆಸಿದ್ದಾರೆಂದು ಬರೆದಿರುತ್ತಾರಲ್ಲ, ಅದನ್ನು ಕನ್ನಡಕ ಏರಿಸಿಕೊಂಡು ಓದಿದರು. ಮೈದಾ, ಉಪ್ಪು, ಸಕ್ಕರೆ ಎಲ್ಲ ದಾಟಿ ಕೊನೆಯಲ್ಲಿ ಒಂದು ಪದಕ್ಕೆ ಎಡವಿದರು. ಕೂಡಲೇ ಫೋನು ಎತ್ತಿದರು.

ಮೇಷ್ಟ್ರು ಆಗ ಕನ್ನಡಿಯ ಮುಂದೆ ನಿಂತು ಗಡ್ಡ ಕೆರೆಯುತ್ತಿದ್ದರು. ಬಲಗೆನ್ನೆ ಮುಗಿದಿತ್ತು, ಎಡಗೆನ್ನೆಯ ಮೇಲೆ ಇನ್ನೂ ನೊರೆ ಇತ್ತು. ಹೆಡ್‌ಮಿಸ್ಸಿನ ಫೋನು ಬಂದರೆ ಮೇಷ್ಟ್ರು ಮನೆಯಲ್ಲಿದ್ದರೂ ಎದ್ದು ನಿಂತೇ ಮಾತಾಡುವವರು. ನಿಂತೇ ಇದ್ದುದರಿಂದ ಕಾಲು ಜೋಡಿಸಿಕೊಂಡರು.

“ಮೇಷ್ಟ್ರೇ, ಪಾಲಿಲೈಸಿನ್ ಅಂದ್ರೆ ಏನು?”

“ಅದೊಂದು ಪಾಲಿಮರ್ ಮೇಡಂ. ಲೈಸಿನ್ ಅನ್ನೋ ಅಮೈನೋ ಆಮ್ಲ ಒಂದಕ್ಕೊಂದು ಬೆಸೆದುಕೊಂಡು...”

“ನನಗೆ ಅರ್ಥ ಆಗೋ ಹಾಗೆ ಹೇಳಿ.”

“ಸರಪಳಿ ಮೇಡಂ. ಒಂದೇ ಥರದ ಕೊಂಡಿ ಸಾಲಾಗಿ ಸೇರಿದ ಸರಪಳಿ.”

“ಅದು ನನ್ನ ಬ್ರೆಡ್ಡಿನೊಳಗೆ ಯಾಕಿದೆ?”

“ಕೆಡದ ಹಾಗೆ ಹಾಕ್ತಾರೆ. ತಿಂದರೆ ಏನೂ ಆಗಲ್ಲ ಮೇಡಂ.”

“ಆಗಲೇ ತಿಂದಾಯ್ತು. ಅದಲ್ಲ ವಿಷಯ. ಇವತ್ತು ನಾಲ್ಕು ಗಂಟೆಗೆ ನಮ್ಮ ಮನೇಲಿ ಆಡಳಿತ ಮಂಡಳಿ ಸೇರುತ್ತೆ. ನಿಮ್ಮ ಲ್ಯಾಬು ತೆಗೆದು ಸಂಗೀತದ ಕೋಣೆ ಮಾಡಬೇಕು ಅಂತ ಅಧ್ಯಕ್ಷರು ಪಟ್ಟು ಹಿಡಿದಿದ್ದಾರೆ.”

ಮೇಷ್ಟ್ರ ಕೈಯಲ್ಲಿದ್ದ ರೇಜರ್ ತೊಟ್ಟಿಗೆ ಬಿತ್ತು.

ಇಪ್ಪತ್ತೆರಡು ವರ್ಷದಿಂದ ಆ ಲ್ಯಾಬು ಅವರ ಎರಡನೇ ಮನೆ. ಮೇಜಿನ ಮೇಲೆ ಆಸಿಡ್ಡು ಸುಟ್ಟ ಪ್ರತಿಯೊಂದು ಕಲೆಯೂ ಯಾವ ವರ್ಷದ ಯಾವ ತರಗತಿಯದು ಎಂದು ಅವರು ಹೇಳಬಲ್ಲರು. ಮೂಲೆಯ ನಲ್ಲಿ ನಿಮಿಷಕ್ಕೆ ಹದಿನಾಲ್ಕು ಹನಿ ಸೋರುತ್ತದೆ ಎಂದೂ ಗೊತ್ತು. ಮಂಡಳಿಯವರ ಪ್ರಕಾರ ಲ್ಯಾಬು ಎಂದರೆ ವರ್ಷಕ್ಕಿಷ್ಟು ಗಾಜು ಒಡೆಯುವ, ಮಧ್ಯಾಹ್ನ ಮೂಗು ಮುಚ್ಚಿಕೊಂಡು ದಾಟಬೇಕಾದ ಜಾಗ.

“ನಾನು ನಿಮ್ಮ ಪರ ಮಾತಾಡ್ತೀನಿ,” ಎಂದರು ಹೆಡ್‌ಮಿಸ್ಸು. “ಆದರೆ ಕೈಯಲ್ಲಿ ಏನಾದ್ರೂ ಬೇಕಲ್ಲ? ಈ ಪಾಲಿಲೈಸಿನ್ನನ್ನೇ ಅವರಿಗೆ ಅರ್ಥ ಆಗೋ ಹಾಗೆ ತೋರಿಸಿ. ಮೂರು ಗಂಟೆಯೊಳಗೆ ಒಂದು ಫೋಟೋ ಕಳಿಸಿ. ಪೇಪರ್ ಮೇಲೆ ಗೀಚಿ ಕಳಿಸಬೇಡಿ. ಹೋದ ಸಲ ನಿಮ್ಮ ಚಿತ್ರ ನೋಡಿ ಅಧ್ಯಕ್ಷರು ‘ಜೇನುಗೂಡು ಚೆನ್ನಾಗಿದೆ’ ಅಂದ್ರು. ಬಣ್ಣ ಇರಲಿ, ಜೀವ ಇರಲಿ.”

ಫೋನು ಕಟ್ಟಾಯಿತು. ಲ್ಯಾಬಿನ ಬೀಗದ ಕೈ ಶಾಲೆಯ ಆಫೀಸಿನಲ್ಲಿ, ಆಫೀಸಿಗೆ ಭಾನುವಾರದ ರಜೆ. ಮನೆಯಲ್ಲಿದ್ದ, ಅಣುವಿನ ಮಾದರಿ ಕಟ್ಟುವ ಚೆಂಡು-ಕಡ್ಡಿಗಳ ಹಳೆಯ ಡಬ್ಬಿಯನ್ನು ಮೇಷ್ಟ್ರು ನೆಲಕ್ಕೆ ಸುರಿದರು. ಸಾರಜನಕದ ನೀಲಿ ಚೆಂಡು ಮೂರೇ ಉಳಿದಿದ್ದವು. ಒಂದು ಲೈಸಿನ್ನಿಗೇ ಎರಡು ಬೇಕು. ಒಂದೂವರೆ ಲೈಸಿನ್ನನ್ನು ಸರಪಳಿ ಅಂದರೆ ಯಾರು ನಂಬುತ್ತಾರೆ?

ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. “ಚೆಂಡಿಲ್ಲದಿದ್ರೆ ಏನ್ರೀ, ಮನುಷ್ಯರಿಲ್ವಾ? ಈ ಕಟ್ಟಡದಲ್ಲಿ ಭಾನುವಾರ ಎಲ್ಲರ ಕೈಯೂ ಖಾಲಿ. ಕೈ ಕೈ ಹಿಡಿಸಿ ನಿಲ್ಸಿ, ಸರಪಳಿ ಆಯ್ತು.”

ಇಪ್ಪತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ಮಾತು ಕೇಳಿ ಮೇಷ್ಟ್ರು ಕೆಟ್ಟದ್ದಿಲ್ಲ. ಕೆಡಲು ಇಂಥದೇ ಒಂದು ದಿನ ಬೇಕಿತ್ತು ಎಂದು ಕಾಣುತ್ತದೆ. “ಒಳ್ಳೇ ಯೋಚನೆ ಕಣೇ! ಒಂದೊಂದು ಟವೆಲ್ ಇದ್ರೆ ಸಾಕು!” ಎಂದುಬಿಟ್ಟರು. ಅವರು ನೊರೆ ಒರೆಸಿಕೊಳ್ಳುವಷ್ಟರಲ್ಲಿ ಅವಳು ಮೆಟ್ಟಿಲ ಬಳಿಯ ಹಲಗೆಗೆ ಚೀಟಿ ಅಂಟಿಸಿ ಬಂದಿದ್ದಳು: ‘ಪಾಲಿಲೈಸಿನ್‌ಗೆ ಎಂಟು ಜನ ಬೇಕಾಗಿದ್ದಾರೆ. ಹನ್ನೊಂದು ಗಂಟೆಗೆ ಅಂಗಳಕ್ಕೆ ಬನ್ನಿ. ಟವೆಲ್ ತನ್ನಿ.’

ಹನ್ನೊಂದಕ್ಕೆ ಅಂಗಳದಲ್ಲಿ ಜನ ಸೇರಿದರು. ಒಬ್ಬೊಬ್ಬರು ಒಂದೊಂದು ತಿಳಿದುಕೊಂಡು ಬಂದಿದ್ದರು. ಎರಡನೇ ಮಹಡಿಯ ಬಸ್ ಡ್ರೈವರ್ ಪುಕ್ಕಟೆ ಮಾಲೀಶು ಇರಬೇಕೆಂದು ಬನಿಯನ್ನಿನಲ್ಲೇ ಇಳಿದಿದ್ದರು. ಮೂರನೇ ಮಹಡಿಯ ಅಜ್ಜಿ ತನ್ನ ತಂಗಿಯನ್ನೂ ಕರೆತಂದಿದ್ದರು. ತಂಗಿಗೆ ಕಿವಿ ಮಂದ.

“ಯಾವ ಲೈಸೆನ್ಸು?” ಎಂದರು ತಂಗಿ. “ನಂಗೆ ಗಾಡಿ ಓಡಿಸೋಕೆ ಬರಲ್ಲಪ್ಪ.”

“ಲೈಸೆನ್ಸಲ್ಲ ಅಮ್ಮ, ಲೈಸಿನ್.”

“ಅದೇ, ಮಾಡಿಸಿಕೊಡು. ಇರಲಿ ಒಂದು.”

ಮೇಷ್ಟ್ರು ಹೇಳಿಕಳಿಸಿದ್ದಕ್ಕೆ ನೆಲಮಹಡಿಯ ಟೈಲರಮ್ಮ ಕತ್ತರಿ, ಕೆಂಪು ಬಟ್ಟೆಯ ಚೂರು ತಂದರು. ಎದುರು ಮನೆಯ ಹಲ್ಲಿನ ಡಾಕ್ಟರು ತಮ್ಮ ನೀಲಿ ರಬ್ಬರ್ ಗ್ಲೌಸುಗಳ ಡಬ್ಬಿಯನ್ನೇ ತಂದರು. ಡ್ರೈವರ ಹೆಂಡತಿ ನರ್ಸಮ್ಮನೂ ಬಂದರು, ಆದರೆ ಗಂಡನಿಂದ ದೂರ, ಅಂಗಳದ ಇನ್ನೊಂದು ತುದಿಗೆ ನಿಂತರು. ಪರದೆಯ ಬಣ್ಣದ ವಿಷಯಕ್ಕೆ ಜಗಳವಾಗಿ ಇಬ್ಬರೂ ಒಂಬತ್ತು ದಿನದಿಂದ ಮಾತು ಬಿಟ್ಟಿದ್ದರು. ಕಟ್ಟಡದಲ್ಲಿ ಇದು ಎಲ್ಲರಿಗೂ ಗೊತ್ತು. ಜಗಳ ನಡೆದಾಗ ಕಿಟಕಿಗೆ ಪರದೆ ಇರಲಿಲ್ಲ.

ಕೊನೆಗೆ ಪೀಪಿ ಊದುತ್ತ ಕಟ್ಟಡದ ಸಂಘದ ಕಾರ್ಯದರ್ಶಿಗಳು ಇಳಿದರು. ನಿವೃತ್ತರು. ಮೂವತ್ತೈದು ವರ್ಷ ಆಫೀಸಿನಲ್ಲಿ ಜನರನ್ನು ಸಾಲಾಗಿ ನಿಲ್ಲಿಸಿದವರು.

“ಅಂಗಳ ಬಳಸೋಕೆ ಅನುಮತಿ ತಗೊಂಡ್ರಾ?”

“ಕೊಡಿ ಸಾರ್,” ಎಂದರು ಮೇಷ್ಟ್ರು.

“ಕೊಟ್ಟಿದ್ದೀನಿ. ಆದರೆ ಸಾಲಿನ ಮೊದಲು ನಾನೇ ಇರಬೇಕು.”

ಮೇಷ್ಟ್ರ ಹೆಂಡತಿಯೂ ಸೇರಿ ಎಂಟು ಜನ ಆದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಪಾಠ ಶುರುಮಾಡಿದರು.

“ನೋಡಿ, ನೀವು ಒಬ್ಬೊಬ್ಬರೂ ಒಂದೊಂದು ಲೈಸಿನ್. ನಿಮ್ಮ ಮೈ ನಡುವಿನ ಕಾರ್ಬನ್ನು. ಬಲಗೈ ಅಮೈನು, ಅದಕ್ಕೆ ನೀಲಿ ಗ್ಲೌಸು. ಎಡಗೈ ಆಮ್ಲ, ಅದಕ್ಕೆ ಕೆಂಪು ಬಟ್ಟೆ. ಟವೆಲ್ಲಿಗೆ ನಾಲ್ಕು ಗಂಟು ಹಾಕಿ ಸೊಂಟಕ್ಕೆ ಸಿಗಿಸಿಕೊಳ್ಳಿ. ಅದು ಬಾಲ. ಒಂದೊಂದು ಗಂಟೂ ಒಂದೊಂದು ಕಾರ್ಬನ್ನು. ಬಾಲದ ತುದೀಲಿ ಇನ್ನೊಂದು ಅಮೈನು ಇದೆ, ಅದಕ್ಕೆ ಗ್ಲೌಸಿನ ಬೆರಳು ಕತ್ತರಿಸಿ ತೊಡಿಸಿ. ತಲೆ ಹೈಡ್ರೋಜನ್ನು.”

“ಹೈಡ್ರೋಜನ್ ಅಂದ್ರೆ?” ಕಾರ್ಯದರ್ಶಿಗಳು ಕೇಳಿದರು.

“ಗ್ಯಾಸು ಸಾರ್. ಎಲ್ಲಕ್ಕಿಂತ ಹಗುರ.”

“ಅಂದ್ರೆ ನನ್ನ ತಲೇಲಿ ಗ್ಯಾಸಿದೆ ಅಂತಾನಾ?”

“ಎಲ್ಲರ ತಲೇಲೂ ಸಾರ್.”

“ಅವರದ್ದು ಬಿಡಿ. ನನ್ನದನ್ನ ಬೇರೆ ಏನಾದ್ರೂ ಮಾಡಿ.”

ತಲೆಯ ಸುದ್ದಿಗೇ ಹೋಗಬಾರದಿತ್ತು ಎಂದು ಮೇಷ್ಟ್ರಿಗೆ ತಿಳಿಯುವ ಹೊತ್ತಿಗೆ ಬಾಲದ ತಕರಾರು ಎದ್ದಿತ್ತು. ಬಾಲ ಮುಂದೆ ಇರಬೇಕು ಎಂದು ಅವರು ಹೇಳಿದರು. ಹಲ್ಲಿನ ಡಾಕ್ಟರು ಒಪ್ಪಲಿಲ್ಲ.

“ಬಾಲ ಅಂದ ಮೇಲೆ ಹಿಂದೆ ತಾನೆ ಇರೋದು? ನಾನೂ ಅಂಗರಚನೆ ಓದಿದ್ದೀನಿ ಮೇಷ್ಟ್ರೇ.”

ಅಷ್ಟೇ ಸಾಕಾಯಿತು. ಎಂಟು ಜನರೂ ಬಾಲವನ್ನು ಹಿಂದಕ್ಕೆ ಸಿಗಿಸಿಕೊಂಡರು. ಅಜ್ಜಿ ಒಂದು ಸುತ್ತು ತಿರುಗಿ ಚೆನ್ನಾಗಿ ಕಾಣುತ್ತದೋ ಎಂದು ನೋಡಿಯೂ ಕೊಂಡರು.

“ಹಿಂದೆ ಹಾಕಿದ್ರೆ ಅರ್ಥವೇ ಬದಲಾಗುತ್ತೆ!” ಮೇಷ್ಟ್ರು ಹಣೆ ಬಡಿದುಕೊಂಡರು. “ಲೈಸಿನ್ನಿನಲ್ಲಿ ಎರಡು ಥರ. ಎಡಗೈ ಬಲಗೈ ಇದ್ದ ಹಾಗೆ. ನೋಡೋಕೆ ಒಂದೇ, ಆದರೆ ಒಂದರ ಗ್ಲೌಸು ಇನ್ನೊಂದಕ್ಕೆ ಆಗಲ್ಲ. ಬಾಲ ಮುಂದಿದ್ರೆ ಎಲ್. ಪ್ರಾಣಿ, ಗಿಡ, ನಾವು ನೀವು ಎಲ್ಲ ಬಳಸೋದು ಅದನ್ನೇ. ಕೈ ಹಾಗೇ ಇದ್ದು ಬಾಲ ಹಿಂದಕ್ಕೆ ಹೋದ್ರೆ ಅದು ಕನ್ನಡಿಯೊಳಗಿನ ಲೈಸಿನ್. ಡಿ. ಅದನ್ನ ನಮ್ಮ ಹೊಟ್ಟೆ ಮುಟ್ಟೋದೂ ಇಲ್ಲ.”

“ಏನು, ನಾನು ಡಿ?” ಕಾರ್ಯದರ್ಶಿಗಳ ಮುಖ ಕೆಂಪಾಯಿತು. “ಮೂವತ್ತೈದು ವರ್ಷದ ಸರ್ವೀಸಿನಲ್ಲಿ ಒಬ್ಬ ಮೇಲಧಿಕಾರಿಯೂ ನನಗೆ ಡಿ ಕೊಟ್ಟಿಲ್ಲ ಕಣ್ರೀ!” ತಟ್ಟನೆ ಬಾಲವನ್ನು ಮುಂದಕ್ಕೆ ತಂದು ಪೀಪಿ ಊದಿದರು. “ಎಲ್ಲರೂ ಬಾಲ ಮುಂದೆ! ಯಾರೂ ಬಾಲ ಬಿಚ್ಚಬಾರದು!”

ಪೀಪಿಯಿಂದ ಮೇಷ್ಟ್ರಿಗೆ ಆದ ಉಪಕಾರ ಆ ದಿನ ಅದೊಂದೇ.

ಮುಂದಿನ ತೊಡಕು ಕೈ ಹಿಡಿಯುವುದು. ನೀಲಿ ಕೈಗೆ ಕೆಂಪು ಕೈ ಸೇರಬೇಕು. ಯಾರು ಎಲ್ಲಿ ನಿಂತರೂ, ಎಷ್ಟು ಅದಲುಬದಲು ಮಾಡಿದರೂ, ಅದು ಹೇಗೋ ಡ್ರೈವರು ಮತ್ತು ನರ್ಸಮ್ಮ ಅಕ್ಕಪಕ್ಕವೇ ಬರುತ್ತಿದ್ದರು. ಅಜ್ಜಿಯ ಕೈವಾಡ ಎಂದು ಮೇಷ್ಟ್ರ ಅನುಮಾನ.

“ಇವರ ಕೈ ನಾನು ಮುಟ್ಟಲ್ಲ ಅಂತ ಹೇಳಿ ಮೇಷ್ಟ್ರೇ,” ಎಂದರು ನರ್ಸಮ್ಮ.

“ನಾನೇನು ಕೈ ಚಾಚಿ ನಿಂತಿದ್ದೀನಾ ಕೇಳಿ ಮೇಷ್ಟ್ರೇ,” ಎಂದರು ಡ್ರೈವರು.

“ಗ್ಲೌಸು ಇದೆಯಲ್ಲಮ್ಮ,” ಮೇಷ್ಟ್ರು ಅಂಗಲಾಚಿದರು. “ಗ್ಲೌಸು ಹಾಕಿದ ಮೇಲೆ ಅದು ಕೈಯಲ್ಲ, ಅಮೈನು.”

ನರ್ಸಮ್ಮ ಯೋಚಿಸಿದರು. ಆಸ್ಪತ್ರೆಯಲ್ಲಿ ಗ್ಲೌಸು ಹಾಕಿಕೊಂಡು ಇದಕ್ಕಿಂತ ಕೆಟ್ಟದ್ದನ್ನೂ ಮುಟ್ಟಿದ್ದೇನೆ ಎಂದು ಗೋಡೆಗೆ ಹೇಳಿ, ಎರಡು ಬೆರಳಿನಿಂದ ಗಂಡನ ಕಿರುಬೆರಳನ್ನು ಹಿಡಿದರು. ಬಿಸಿಲು ಏರುತ್ತಿತ್ತು. “ಪ್ರತಿ ಜೋಡಿ ಸೇರುವಾಗ ಒಂದೊಂದು ನೀರಿನ ಕಣ ಹೊರಗೆ ಹೋಗುತ್ತೆ,” ಎಂದು ಮೇಷ್ಟ್ರು ವಿವರಿಸಿದರು. “ನಂದು ಆಗಲೇ ಬೊಗಸೆ ಹೋಗಿದೆ,” ಎಂದು ಟೈಲರಮ್ಮ ಬೆವರು ಒರೆಸಿಕೊಳ್ಳಲು ಕೈ ಬಿಟ್ಟರು. ಸರಪಳಿ ತುಂಡಾಯಿತು. ಅದನ್ನು ಕೂಡಿಸುವಷ್ಟರಲ್ಲಿ ಅಜ್ಜಿಗೆ ಬಾಯಾರಿಕೆ. ಅಜ್ಜಿ ಬರುವಷ್ಟರಲ್ಲಿ ಡಾಕ್ಟರು ಅಜ್ಜಿಯ ತಂಗಿಯ ಬಾಯಿ ತೆಗೆಸಿ ದವಡೆ ನೋಡುತ್ತಿದ್ದರು.

ಹಾಗೂ ಹೀಗೂ ಒಂದೂವರೆಗೆ ಎಂಟೂ ಜನ ಒಂದೇ ಸಲ ಕೈ ಹಿಡಿದು ನಿಂತರು. ಮೇಷ್ಟ್ರು ತಾರಸಿಯ ಕಡೆ ಕೂಗಿದರು: “ತೆಗಿಯೋ!”

ತಾರಸಿಯ ಮೇಲೆ ಇದ್ದವನು ಭಾಮೈದ. ಹೆಂಡತಿಯ ತಮ್ಮ. ಮೂವತ್ತು ತುಂಬಿದರೂ ಫೋನಿನಲ್ಲಿ ವೀಡಿಯೋ ಮಾಡುವುದೇ ಅವನ ಕಸುಬು. ಮೇಷ್ಟ್ರದು ಗುಂಡಿ ಒತ್ತುವ ಹಳೆಯ ಫೋನು; ಉಳಿದವರ ಫೋನು ತನ್ನ ಕೈಗೆ ಒಗ್ಗುವುದಿಲ್ಲ ಎಂದು ಭಾಮೈದ ಬೆಳಿಗ್ಗೆಯೇ ಹೇಳಿದ್ದ. ಅವನ ಫೋನಿನ ಹಿಂದಿನ ಕ್ಯಾಮೆರಾ ಒಡೆದು ತಿಂಗಳಾಗಿದೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಸೆಲ್ಫಿ ಕ್ಯಾಮೆರಾ ಒಂದೇ ಗತಿ. ಅವನು ತಾರಸಿಯ ಮೋಟುಗೋಡೆಯಾಚೆ ಕೈ ಚಾಚಿ, ಫೋನಿನ ಮುಖವನ್ನು ಅಂಗಳಕ್ಕೆ ತಿರುಗಿಸಿ, ಅಂದಾಜಿನ ಮೇಲೆ ಒತ್ತಿದ.

ಮೊದಲ ಫೋಟೋದಲ್ಲಿ ಅವನ ಹೆಬ್ಬೆರಳು ಬಂತು. ಎರಡನೆಯದರಲ್ಲಿ ನೀರಿನ ಟ್ಯಾಂಕು. ಏಳನೆಯದರಲ್ಲಿ ಪಾಲಿಲೈಸಿನ್.

ಭಾಮೈದ ಕೆಳಗೆ ಬಂದು ಹೆಮ್ಮೆಯಿಂದ ತೋರಿಸಿದ. ಮೇಷ್ಟ್ರು ನೋಡಿದರು. ಕಣ್ಣುಜ್ಜಿ ಮತ್ತೆ ನೋಡಿದರು. ಫೋಟೋದಲ್ಲಿ ಎಲ್ಲರ ಬಲಗೈ ಕೆಂಪು, ಎಡಗೈ ನೀಲಿ.

“ಇದು ಕನ್ನಡಿ ಥರ ತೆಗೆದಿದೆಯಲ್ಲೋ! ಎಲ್ಲ ಎಡ ಬಲ ಆಗಿದೆ. ಎಂಟಕ್ಕೆ ಎಂಟೂ ಡಿ!”

“ಡಿ” ಎಂಬುದು ಕಿವಿಗೆ ಬಿದ್ದ ಕೂಡಲೇ ಕಾರ್ಯದರ್ಶಿಗಳು ಪೀಪಿ ಊದಿದರು.

ಮೇಷ್ಟ್ರಿಗೆ ತಲೆ ಓಡಿತು. ಕ್ಯಾಮೆರಾ ತಿರುವುಮುರುವು ಮಾಡುವುದಾದರೆ ನಾವೇ ಮೊದಲು ತಿರುವುಮುರುವಾಗಿ ನಿಂತರಾಯಿತು! ಎಲ್ಲರೂ ನೀಲಿಯನ್ನು ಎಡಗೈಗೆ, ಕೆಂಪನ್ನು ಬಲಗೈಗೆ ಬದಲಾಯಿಸಿಕೊಳ್ಳಿ ಎಂದರು. ಬೆವೆತ ಕೈಯಿಂದ ರಬ್ಬರ್ ಗ್ಲೌಸು ಬಿಚ್ಚುವುದೆಂದರೆ ಹಸಿ ಗಾಯದ ಪಟ್ಟಿ ಕೀಳುವಂಥ ಕೆಲಸ. ನಾಲ್ಕು ಗ್ಲೌಸು ಹರಿದವು. ಅಜ್ಜಿಯದು ಚಟೀರೆಂದು ಹಾರಿ ಡಾಕ್ಟರ ಮೂಗಿಗೆ ಬಡಿಯಿತು. ಇಪ್ಪತ್ತು ನಿಮಿಷ ಒದ್ದಾಡಿ ಮತ್ತೆ ಎಲ್ಲರೂ ನಿಂತರು. ಭಾಮೈದ ಮೇಲಿನಿಂದ ಒತ್ತಿದ, ಇಳಿದ, ತೋರಿಸಿದ.

ಬಲಗೈ ಕೆಂಪು. ಎಡಗೈ ನೀಲಿ.

“ಮತ್ತೆ ಡಿ! ಹ್ಯಾಗೋ?”

“ನೀವು ಆಗ ಬೈದ್ರಲ್ಲ ಭಾವ,” ಎಂದ ಭಾಮೈದ. “ಅದಕ್ಕೇ ನಾನು ಫೋನಿನಲ್ಲಿ ಆ ಕನ್ನಡಿ ಥರ ಬರೋದನ್ನ ಬಂದ್ ಮಾಡಿಬಿಟ್ಟೆ. ಈಗ ಇದ್ದದ್ದು ಇದ್ದ ಹಾಗೇ ಬರುತ್ತೆ.”

ಮೇಷ್ಟ್ರು ಕೆಳಗೆ ಬಿದ್ದಿದ್ದ ಹರಿದ ಗ್ಲೌಸನ್ನು ಎತ್ತಿ ಹಲ್ಲಿನಲ್ಲಿ ಕಚ್ಚಿ ಹಿಡಿದರು. ಮಾತಾಡಿದ್ದರೆ ಸಂಬಂಧ ಉಳಿಯುತ್ತಿರಲಿಲ್ಲ.

“ಬೇಜಾರು ಮಾಡ್ಕೋಬೇಡಿ ಭಾವ. ತೆಗೆದ ಫೋಟೋನ ತಿರುಗಿಸೋಕೂ ಒಂದು ಗುಂಡಿ ಇದೆ. ಒತ್ತಿದ್ರೆ ಆಯ್ತು.”

“ಅದನ್ನ ಮೊದಲೇ ಹೇಳೋಕೆ ಏನಾಗಿತ್ತು?”

“ನೀವು ಕೇಳ್ಲಿಲ್ಲ.”

ಗುಂಡಿ ಒತ್ತಿದ. ಎಂಟೂ ಜನ ಎಲ್ ಆದರು. ಎರಡೂವರೆಗೆ ಫೋಟೋ ಹೆಡ್‌ಮಿಸ್ಸಿಗೆ ಹೋಯಿತು. ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದು ಕೂತರು. ಹೆಂಡತಿ ನೀರು ತಂದುಕೊಟ್ಟಳು. ಅರ್ಧ ಲೋಟ ಒಳಗೆ ಹೋಗಿತ್ತು, ಫೋನು ಬಂತು. ಎದ್ದು ನಿಂತರು.

“ಚೆನ್ನಾಗಿದೆ ಮೇಷ್ಟ್ರೇ. ಆದರೆ ಒಂದು ಅನುಮಾನ. ನನ್ನ ಪೊಟ್ಟಣದಲ್ಲಿ ಪಾಲಿಲೈಸಿನ್‌ಗಿಂತ ಮೊದಲು ಇನ್ನೊಂದೇನೋ ಇದೆ. ಇಂಗ್ಲಿಷಿನ ಮೂರನ್ನ ಉಲ್ಟಾ ಬರೆದ ಹಾಗೆ. ಅಚ್ಚಿನ ತಪ್ಪು ಅಂದ್ಕೊಂಡು ಬಿಟ್ಟಿದ್ದೆ. ಅದು ನಿಮ್ಮ ಫೋಟೋದಲ್ಲಿ ಬಂದಿದೆಯಾ?”

ಮೇಷ್ಟ್ರ ಗಂಟಲಿನಲ್ಲಿದ್ದ ನೀರು ದಾರಿ ತಪ್ಪಿತು. ಉಲ್ಟಾ ಬರೆದ ಮೂರು! ಗ್ರೀಕ್ ಅಕ್ಷರ ಎಪ್ಸಿಲಾನ್! ತಾವು ಬೆಳಿಗ್ಗೆಯಿಂದ ಬೆವರು ಸುರಿಸಿ ಕಟ್ಟಿದ್ದು ಆಲ್ಫಾ, ಕೈಗೆ ಕೈ ಸೇರುವ ಸರಪಳಿ. ಬ್ರೆಡ್ಡಿನಲ್ಲಿರುವುದು ಬೇರೆಯೇ ಜೋಡಣೆ.

“ಅದು... ಇನ್ನೊಂದು ನಮೂನೆ ಮೇಡಂ.”

“ಹಾಗಾದ್ರೆ ನನ್ನ ಬ್ರೆಡ್ಡಿಂದು ಕಳಿಸಿ. ಅಧ್ಯಕ್ಷರು ಪೊಟ್ಟಣ ಇಟ್ಕೊಂಡು ತಾಳೆ ನೋಡೋರು. ತಪ್ಪಿದ್ರೆ ಲ್ಯಾಬು ಹೋಯ್ತು ಅಂತಲೇ ತಿಳ್ಕೊಳ್ಳಿ. ನಾಲ್ಕರ ಒಳಗೆ ಬರಲಿ.”

ಅಂಗಳದಲ್ಲಿ ಜನ ಗ್ಲೌಸು ಕಿತ್ತೆಸೆದು ಮನೆಯ ಕಡೆ ಹೊರಟಿದ್ದರು. ಮೇಷ್ಟ್ರು ಎರಡೂ ಕೈ ಅಗಲಿಸಿ ಮೆಟ್ಟಿಲಿಗೆ ಅಡ್ಡ ನಿಂತರು. ಬಲಗೆನ್ನೆ ನುಣ್ಣಗೆ, ಎಡಗೆನ್ನೆಯಲ್ಲಿ ಪೊದೆ; ಅರ್ಧ ಸನ್ಯಾಸಿ ಅರ್ಧ ಮದುಮಗನಂತೆ ಕಾಣುತ್ತಿದ್ದರು.

“ಇನ್ನೊಂದು ಸಲ. ನಿಮ್ಮ ಕಾಲಿಗೆ ಬೀಳ್ತೀನಿ.”

“ಮತ್ತೆ ಡಿ ಆಯ್ತಾ?” ಕಾರ್ಯದರ್ಶಿಗಳು ಗಾಬರಿಯಾದರು.

“ಇಲ್ಲ ಸಾರ್, ನೀವು ಎಲ್ಲೇ. ಕೆಂಪು ಎಡಗೈಗೆ, ನೀಲಿ ಬಲಗೈಗೆ, ಬಾಲ ಮುಂದೆ. ಆದರೆ ಈ ಸಲ ಕೈಗೆ ಕೈ ಕೊಡೋ ಹಾಗಿಲ್ಲ. ಎಡಗೈಯಿಂದ ಎಡಗಡೆಯವರ ಬಾಲದ ತುದಿ ಹಿಡೀಬೇಕು. ಬಾಲದ ತುದೀಲೂ ಅಮೈನು ಇದೆಯಲ್ಲ, ಅಲ್ಲೇ ಬೆಸುಗೆ. ನೀಲಿ ಬಲಗೈ ಖಾಲಿ ಉಳಿಯುತ್ತೆ. ಅದನ್ನ ಮೇಲೆತ್ತಿ ಹಿಡೀರಿ. ಆ ಖಾಲಿ ಕೈಗಳೇ ಕ್ರಿಮಿಗೆ ಅಂಟಿಕೊಂಡು ಅದರ ಕತೆ ಮುಗಿಸೋದು. ಅದಕ್ಕೇ ಬ್ರೆಡ್ಡು ಕೆಡಲ್ಲ.”

“ಒಂದು ಕಣ ಇನ್ನೊಂದರ ಬಾಲ ಹಿಡಿಯುತ್ತೆ ಅಂತ ಯಾರು ಕಂಡುಹಿಡಿದ್ರು?” ಟೈಲರಮ್ಮ ಕೇಳಿದರು.

“ಯಾವುದೋ ಸೂಕ್ಷ್ಮಜೀವಿ ತಾನಾಗೇ ಹೀಗೆ ಕಟ್ಟುತ್ತಮ್ಮ.”

“ಅದಕ್ಕೆ ಬುದ್ಧಿ ಇಲ್ಲ ಸರಿ, ನಮಗೇನಾಗಿದೆ?”

ಆದರೂ ನಿಂತರು. ಬೈದುಕೊಂಡು, ಗೊಣಗಿಕೊಂಡು, ಹರಿದ ಗ್ಲೌಸಿಗೆ ದಾರ ಸುತ್ತಿಕೊಂಡು ನಿಂತರು. ಹತ್ತು ವರ್ಷದಿಂದ ಅಕ್ಕಪಕ್ಕ ಇದ್ದವರು, ಮೇಷ್ಟ್ರ ಕಣ್ಣಲ್ಲಿ ನೀರು ತುಂಬಿದ್ದನ್ನು ಕಂಡಿದ್ದರು. ಅದು ಅವರಿಗೆ ಅರ್ಥವಾಗಿತ್ತು, ಎಪ್ಸಿಲಾನ್ ಆಗದಿದ್ದರೂ.

ಅಜ್ಜಿ ಡಾಕ್ಟರ ಬಾಲ ಹಿಡಿದರು. ಅಜ್ಜಿಯ ಬಾಲವನ್ನು ತಂಗಿ ಹಿಡಿದರು. ತಂಗಿಯ ಬಾಲ ಟೈಲರಮ್ಮನ ಕೈಗೆ, ಟೈಲರಮ್ಮನದು ನರ್ಸಮ್ಮನ ಕೈಗೆ. ಇನ್ನು ನರ್ಸಮ್ಮನ ಬಾಲದ ಸರದಿ. ಅದನ್ನು ಹಿಡಿಯಬೇಕಾದವರು ಡ್ರೈವರು. ಡ್ರೈವರು ಬಗ್ಗಿ, ನಾಲ್ಕು ಗಂಟಿನ ಟವೆಲ್ಲಿನ ತುದಿಯನ್ನು ಮೆಲ್ಲಗೆ ಎತ್ತಿಕೊಂಡರು.

ನರ್ಸಮ್ಮ ತಿರುಗಿ ನೋಡಿದರು. “ಒಂಬತ್ತು ದಿನ ಸೆಟೆದುಕೊಂಡಿದ್ರಿ. ಈಗ ಬಾಲ ಹಿಡ್ಕೊಂಡು ಬಂದ್ರಾ?”

ನೇರವಾಗಿ ಗಂಡನಿಗೇ ಹೇಳಿದ ಮಾತು! ಡ್ರೈವರಿಗೆ ಮೊದಲು ನಗು ಬಂತು, ನರ್ಸಮ್ಮನಿಗೂ ಬಂತು. ನಕ್ಕರು ಎಂದರೆ ಎಂಥ ನಗು, ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ನಕ್ಕರು.

“ಹಸಿರೇ ಹಾಕಿಸೋಣ ಬಿಡು,” ಎಂದರು ಡ್ರೈವರು.

“ಬೇಡ ಬಿಡ್ರಿ, ನಿಮ್ಮ ಹಳದಿಯೇ ಇರಲಿ.”

“ಇಲ್ಲ, ಹಸಿರೇ.”

“ಬನ್ನಿ, ಕಿಟಕಿ ನೋಡಿ ಹೇಳಿ ಹಾಗಾದ್ರೆ.”

ಇಬ್ಬರೂ ಬಾಲ ಬಿಚ್ಚಿ, ಕೈ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿಬಿಟ್ಟರು. ಅಜ್ಜಿ ಕಣ್ಣೊರೆಸಿಕೊಂಡರು. ಮೇಷ್ಟ್ರು ಕೂಗಿದರು, “ಅಯ್ಯೋ, ಸರಪಳಿ! ಐದು ನಿಮಿಷ ಆದ ಮೇಲೆ ರಾಜಿ ಮಾಡ್ಕೊಳ್ಳಿ!” ಮೇಲೆ ಬಾಗಿಲು ಮುಚ್ಚಿದ ಸದ್ದು ಕೇಳಿತು. ಸಂಸಾರ ಕೂಡಿತು, ಪಾಲಿಲೈಸಿನ್ ಮುರಿಯಿತು.

ಗಂಟೆ ಮೂರೂ ನಲವತ್ತು. ಸರಪಳಿಯ ನಡುವೆ ಎರಡು ಜನರಷ್ಟು ಖಾಲಿ. ಆ ಕಡೆ ಟೈಲರಮ್ಮ, ಈ ಕಡೆ ಮೇಷ್ಟ್ರ ಹೆಂಡತಿ, ಅವಳ ಪಕ್ಕ ಕಾರ್ಯದರ್ಶಿಗಳು. ಹತ್ತಿರ ಸರಿಯಿರಿ ಎಂದರೆ ಮೊದಲ ಸ್ಥಾನ ಬಿಟ್ಟು ಒಂದು ಹೆಜ್ಜೆಯೂ ಕದಲುವುದಿಲ್ಲ ಎಂದು ಕಾರ್ಯದರ್ಶಿಗಳ ಹಟ. “ನೀವೇ ನಿಲ್ರೀ,” ಎಂದಳು ಹೆಂಡತಿ. “ಇಷ್ಟು ಹೊತ್ತು ನಮ್ಮನ್ನ ಕುಣಿಸಿದ್ರಲ್ಲ.”

ಮೇಷ್ಟ್ರು ಡ್ರೈವರು ಬಿಸಾಡಿ ಹೋದ ಬಾಲವನ್ನು ಎತ್ತಿ ಸಿಗಿಸಿಕೊಂಡರು. ನರ್ಸಮ್ಮನ ಟವೆಲ್ಲನ್ನು ಟೈಲರಮ್ಮನ ಬಾಲಕ್ಕೆ ಕಟ್ಟಿ ಉದ್ದ ಮಾಡಬಹುದಿತ್ತು, ಆದರೆ ಗಂಟು ಎಂಟಾಗುತ್ತದೆ, ಎಂಟು ಕಾರ್ಬನ್ನಿನ ಬಾಲ ಲೈಸಿನ್ನಿನದಲ್ಲ. ಸೋತು ಸುಣ್ಣವಾಗಿದ್ದರೂ ಮೇಷ್ಟ್ರು ಆ ಮೋಸಕ್ಕೆ ಇಳಿಯಲಿಲ್ಲ. ಎಡಗೈ ಎಳೆದಷ್ಟೂ ಎಳೆದು ಟೈಲರಮ್ಮನ ಬಾಲದ ತುದಿ ಹಿಡಿದರು. ಅವರ ಬಾಲವನ್ನು ಹೆಂಡತಿ ಜಗ್ಗಿ ಹಿಡಿದಳು. ಪ್ಯಾಂಟು ಜಾರುವ ಸೂಚನೆ ಕೊಟ್ಟಿತು. ನೀಲಿ ಬಲಗೈಯನ್ನು ಆಕಾಶಕ್ಕೆ ಎತ್ತಿ, ಅರ್ಧ ಗಡ್ಡದ ಮುಖವನ್ನು ಮೇಲಕ್ಕೆತ್ತಿ ಅವರು ಅರಚಿದರು:

“ಒತ್ತೋ, ಪುಣ್ಯಾತ್ಮ!”

ಭಾಮೈದ ಒತ್ತಿದ. ಒಂದೇ ಏಟಿಗೆ ಬಂತು. ಕೆಂಪು ಎಡಕ್ಕೆ, ನೀಲಿ ಬಲಕ್ಕೆ, ಬಾಲ ಮುಂದಕ್ಕೆ, ಬೆಸುಗೆ ಬಾಲದ ತುದಿಗೆ. ಏಳು ಖಾಲಿ ಕೈಗಳು ಗಾಳಿಯಲ್ಲಿ. ಎಪ್ಸಿಲಾನ್ ಪಾಲಿ ಎಲ್ ಲೈಸಿನ್, ಎಲ್ಲೂ ಒಂದು ತಪ್ಪಿಲ್ಲ. ನಾಲ್ಕಕ್ಕೆ ಎರಡು ನಿಮಿಷ ಇರುವಾಗ, ಆಲ್ಫಾ ಯಾವುದು ಎಪ್ಸಿಲಾನ್ ಯಾವುದು ಎಂಬ ಎರಡು ಸಾಲಿನ ಜೊತೆ ಫೋಟೋ ಹೋಯಿತು.

ಆಮೇಲೆ ಯಾರೂ ಮನೆಗೆ ಹೋಗಲಿಲ್ಲ. ಫಲಿತಾಂಶಕ್ಕೆ ಕಾದವರಂತೆ ಎಲ್ಲರೂ ಮೆಟ್ಟಿಲ ಮೇಲೆ ಕೂತರು. ಟೈಲರಮ್ಮ ಎಲ್ಲರಿಗೂ ಚಹಾ ಮಾಡಿ ತಂದರು. ನಾಲ್ಕೂವರೆ ಆಯಿತು. ಐದಾಯಿತು. ಐದೂ ಹತ್ತಕ್ಕೆ ಫೋನು ಕುಣಿಯಿತು. ಮೇಷ್ಟ್ರು ಎದ್ದು ನಿಂತರು. ಅವರ ಹಿಂದೆ ಎಲ್ಲರೂ ಎದ್ದು ನಿಂತರು.

“ಮೇಷ್ಟ್ರೇ!” ಹೆಡ್‌ಮಿಸ್ಸಿನ ದನಿ ಎಂದೂ ಇಲ್ಲದಷ್ಟು ಸಿಹಿಯಾಗಿತ್ತು. “ಮಂಡಳಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ಅಧ್ಯಕ್ಷರಂತೂ ತಮ್ಮ ಬೆಲ್ಟು ಬಿಚ್ಚಿ ಹಿಡ್ಕೊಂಡು ಆಲ್ಫಾಗೂ ಎಪ್ಸಿಲಾನ್‌ಗೂ ವ್ಯತ್ಯಾಸ ಏನು ಅಂತ ನನಗೇ ಪಾಠ ಮಾಡಿದ್ರು! ‘ಐವತ್ತು ವರ್ಷ ಆದ ಮೇಲೆ ಇವತ್ತು ನನಗೆ ಕೆಮಿಸ್ಟ್ರಿ ಅರ್ಥ ಆಯ್ತು, ಎಂಥ ಮೇಷ್ಟ್ರು ಇವರು’ ಅಂದ್ರು.”

ಮೇಷ್ಟ್ರ ಎದೆ ತುಂಬಿ ಬಂತು. “ಹಾಗಾದ್ರೆ ಲ್ಯಾಬು, ಮೇಡಂ?”

“ಅದನ್ನೇ ಹೇಳೋಕೆ ಹೊರಟೆ. ಗ್ಯಾಸಿಲ್ಲ, ಆಸಿಡ್ಡಿಲ್ಲ, ವಾಸನೆ ಇಲ್ಲ, ಒಡೆಯೋ ಗಾಜಿಲ್ಲ. ಏಳು ಟವೆಲ್ಲಿನಲ್ಲಿ ಇಷ್ಟು ಚೆನ್ನಾಗಿ ಪಾಠ ಮಾಡೋರಿಗೆ ಲ್ಯಾಬು ಯಾತಕ್ಕೆ ಅಂತ ಎಲ್ಲರೂ ಒಂದೇ ದನಿಯಲ್ಲಿ ಕೇಳಿದ್ರು. ನನಗೂ ಹೌದಲ್ಲ ಅನ್ನಿಸ್ತು. ನಾಳೆ ಬೆಳಿಗ್ಗೆ ಪಿಯಾನೋ ಬರುತ್ತೆ, ಅಷ್ಟರಲ್ಲಿ ಕೋಣೆ ಖಾಲಿ ಮಾಡಿಸಿಬಿಡಿ. ಇನ್ನು ಮೇಲೆ ನಿಮ್ಮ ಪಾಠಕ್ಕೆ ಇಡೀ ಮೈದಾನ ಬಿಟ್ಟುಕೊಟ್ಟಿದ್ದಾರೆ. ಬಿಸಿಲಿರುತ್ತೆ, ಟೋಪಿ ತನ್ನಿ. ಅಭಿನಂದನೆ ಮೇಷ್ಟ್ರೇ!”

ಫೋನು ಕಟ್ಟಾಯಿತು. ಮೇಷ್ಟ್ರು ಅದನ್ನು ಕಿವಿಯಿಂದ ಇಳಿಸಲೇ ಇಲ್ಲ. ಅಜ್ಜಿಯ ತಂಗಿಯೂ ಕಿವಿಗೆ ಕೈ ಹಿಡಿದು ಕಾಯುತ್ತಿದ್ದರು.

“ಏನಂದ್ರು ರೀ? ಹೇಳಿ,” ಎಂದಳು ಹೆಂಡತಿ.

ಮೇಷ್ಟ್ರು ಅವಳನ್ನು ನೋಡಿದರು. ಬಿಸಿಲಿಗೆ ಕಂದಿದ ಅಷ್ಟೂ ಮುಖಗಳನ್ನು ನೋಡಿದರು.

“ತುಂಬಾ ಇಷ್ಟ ಆಯ್ತಂತೆ ಕಣೇ,” ಎಂದರು.

ಅಂಗಳವೆಲ್ಲ ಚಪ್ಪಾಳೆ.